ಒಂದೇ ನಾಟಕ, ಮೂರು ಕ್ಯಾಮೆರಾ

ನಮ್ಮ ತಂಡದ ನಾಟಕ ಎರಡು ಗಂಟೆಯದು. ಅದನ್ನು ಚೆನ್ನಾಗಿ ಚಿತ್ರಿಸಿಡಬೇಕು ಅಂತ ನನಗೆ ತುಂಬಾ ಆಸೆಯಿತ್ತು. ಕ್ಯಾಮೆರಾ ಕೊಳ್ಳುವ ಮೊದಲು ಮೂರು ಬಗೆಯವನ್ನೂ ಎರವಲು ತಂದೆ. ಒಂದು ಫೋನ್, ಒಂದು ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ), ಒಂದು ಹಳೇ ಕ್ಯಾಮ್‌ಕಾರ್ಡರ್ (ವಿಡಿಯೊಗೆಂದೇ ಮಾಡಿದ ಕ್ಯಾಮೆರಾ). ಮೂರನ್ನೂ ಅಕ್ಕಪಕ್ಕ ಟ್ರೈಪಾಡ್ ಮೇಲಿಟ್ಟು ಒಂದೇ ರಿಹರ್ಸಲ್ ಶೂಟ್ ಮಾಡಿದೆ. ಅವತ್ತು ರಾತ್ರಿ ಕ್ಯಾಮೆರಾಗಳ ಪುಟ್ಟ ಪರದೆಯಲ್ಲಿ ನೋಡಿದಾಗ ಮಿರರ್‌ಲೆಸ್ಸೇ ಸರಿ ಅನ್ನಿಸಿತು. ನಾಲ್ಕು ದಿನ ಎಡಿಟಿಂಗ್‌ಗೆ ಕೂತ ಮೇಲೆ ಆ ಮಾತನ್ನು ಬದಲಿಸಬೇಕಾಯಿತು.

ಚಿತ್ರದ ವಿಷಯದಲ್ಲಿ ಮಿರರ್‌ಲೆಸ್‌ಗೆ ಎದುರಿಲ್ಲ. ನಾನು ತಂದಿದ್ದರಲ್ಲಿ ಎಪಿಎಸ್-ಸಿ ಅನ್ನುವ ಅಳತೆಯ ಸೆನ್ಸರ್ (ಬೆಳಕು ಹಿಡಿಯುವ ಚಿಪ್) ಇತ್ತು, ಸುಮಾರು 23.5 × 15.6 ಮಿಲಿಮೀಟರ್. ಕ್ಯಾಮ್‌ಕಾರ್ಡರ್‌ನದು ಒಂದಿಂಚಿನ ಸೆನ್ಸರ್. ಹೆಸರಿಗೆ ಒಂದಿಂಚು, ಅಳೆದರೆ 13.2 × 8.8 ಮಿಲಿಮೀಟರ್ ಅಷ್ಟೇ. ಅಂದರೆ ವಿಸ್ತೀರ್ಣದಲ್ಲಿ ಮಿರರ್‌ಲೆಸ್‌ನದರ ಮೂರನೇ ಒಂದು ಭಾಗದಷ್ಟೂ ಇಲ್ಲ. ಮಂದ ಬೆಳಕಿನ ದೃಶ್ಯದಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತಿತ್ತು. ಮಿರರ್‌ಲೆಸ್‌ನಲ್ಲಿ ಕಪ್ಪು ಅಂಗಿಯ ಮಡಿಕೆಗಳೂ ಕಂಡವು. ಕ್ಯಾಮ್‌ಕಾರ್ಡರ್‌ನಲ್ಲಿ ಅದೇ ಅಂಗಿಯ ಮೇಲೆ ಮರಳು ಹರಿದಾಡಿದ ಹಾಗಿತ್ತು. ಫೋನ್ ಆ ಮರಳನ್ನು ತಾನೇ ಒರೆಸಿ ಹಾಕುತ್ತದೆ. ಆದರೆ ಜೊತೆಗೆ ಮುಖದ ಗೆರೆಗಳನ್ನೂ ಒರೆಸುತ್ತದೆ. ಐವತ್ತು ದಾಟಿದ ನಟರ ಮುಖ ಮೇಣದ ಬೊಂಬೆಯಂತೆ ನುಣ್ಣಗಾಗಿತ್ತು. ನನಗದು ಸಹಿಸಲಾಗಲಿಲ್ಲ. ಆ ಗೆರೆಗಳಲ್ಲೇ ತಾನೇ ಅಭಿನಯ ಇರೋದು?

ಆದರೆ ದೊಡ್ಡ ಸೆನ್ಸರ್‌ಗೆ ಇನ್ನೊಂದು ಮುಖವಿದೆ. ಲೆನ್ಸ್ ಪೂರ್ತಿ ತೆರೆದಿಟ್ಟರೆ ಫೋಕಸ್ ಇರುವ ಆಳ ತೀರಾ ಕಮ್ಮಿ. ಮುಂದೆ ನಿಂತವರು ಸ್ಪಷ್ಟ, ನಾಲ್ಕು ಹೆಜ್ಜೆ ಹಿಂದೆ ನಿಂತು ಮಾತಾಡುತ್ತಿರುವವರು ಮಸುಕು. ಕ್ಯಾಮ್‌ಕಾರ್ಡರ್‌ನಲ್ಲಿ ಇಡೀ ರಂಗ ಫೋಕಸ್‌ನಲ್ಲೇ ಇತ್ತು. ಅದರ ಜೂಮ್ ಗುಂಡಿಯನ್ನು ಮೆಲ್ಲಗೆ ಒತ್ತಿದರೆ ಚಿತ್ರವೂ ಅಷ್ಟೇ ಮೆಲ್ಲಗೆ ಹತ್ತಿರ ಬರುತ್ತಿತ್ತು. ಮಿರರ್‌ಲೆಸ್‌ನ ಲೆನ್ಸ್ ಅನ್ನು ಕೈಯಲ್ಲಿ ತಿರುಗಿಸುವಾಗ ಪ್ರತಿ ಸಲವೂ ಒಂದು ಸಣ್ಣ ಕುಲುಕು ಬಿತ್ತು.

ನಿಜವಾದ ಪೆಟ್ಟು ಬಿದ್ದದ್ದು 29 ನಿಮಿಷ 59 ಸೆಕೆಂಡಿಗೆ. ಮಿರರ್‌ಲೆಸ್ ತಾನೇ ರೆಕಾರ್ಡಿಂಗ್ ನಿಲ್ಲಿಸಿತ್ತು. ನಾನು ಗಮನಿಸುವಷ್ಟರಲ್ಲಿ ತಾಯಿ-ಮಗನ ಜಗಳದ ಅರ್ಧ ಹೋಗಿತ್ತು. ಅನೇಕ ಹಳೇ ಮಾದರಿಗಳಲ್ಲಿ ಈ ಮಿತಿ ಇದೆ. ಒಂದೇ ಸಲಕ್ಕೆ ಅರ್ಧ ಗಂಟೆ ರೆಕಾರ್ಡ್ ಮಾಡುವ ಕ್ಯಾಮೆರಾಗೆ ಯುರೋಪಿಯನ್ ಒಕ್ಕೂಟದಲ್ಲಿ ವಿಡಿಯೊ ಕ್ಯಾಮೆರಾ ಅಂತ ಜಾಸ್ತಿ ಸುಂಕ ಬೀಳುತ್ತಿತ್ತು. ಅದನ್ನು ತಪ್ಪಿಸಲು ತಯಾರಕರು ಒಂದು ಸೆಕೆಂಡ್ ಮುಂಚೆ ನಿಲ್ಲಿಸಿಬಿಡುತ್ತಿದ್ದರು. ಹೊಸ ಮಾದರಿಗಳು ಬಹುಪಾಲು ಈ ಮಿತಿ ಬಿಟ್ಟಿವೆ. ಬಿಸಿಯಾಗಿ ನಿಲ್ಲುವ ಕಾಟ ಮಾತ್ರ ಕೆಲವಕ್ಕೆ ಇನ್ನೂ ಇದೆ, ಅದರಲ್ಲೂ 4ಕೆಯಲ್ಲಿ.

ಇನ್ನು ಎಡಿಟಿಂಗ್.

ಮೊದಲು ಫೋನಿನ ಫೈಲ್ ತೆಗೆದುಕೊಂಡೆ. ಶುರುವಿನಲ್ಲಿ ತುಟಿಗೂ ಮಾತಿಗೂ ತಾಳೆಯಿತ್ತು. 40 ನಿಮಿಷ ದಾಟಿದ ಮೇಲೆ ನೋಡಿದರೆ ಬಾಯಿ ಮುಚ್ಚಿದ ಮೇಲೂ ಮಾತು ಕೇಳಿಸುತ್ತಿದೆ! ಆಡಿಯೊವನ್ನು ಸರಿಸಿ ಅಲ್ಲಿ ಕೂರಿಸಿದೆ. ಆಗ ಶುರುವಿನಲ್ಲಿ ತಪ್ಪಿತು. ಒಂದು ಸಂಜೆ ಪೂರ್ತಿ ಇದರಲ್ಲೇ ಹೋಯಿತು. ಕೊನೆಗೆ ಫೈಲಿನ ಒಳವಿವರ ತೋರಿಸುವ ಮೀಡಿಯಾಇನ್ಫೋ ಅನ್ನೋ ಸಾಫ್ಟ್‌ವೇರ್‌ನಲ್ಲಿ ಫೈಲ್ ತೆರೆದು ನೋಡಿದಾಗ ಕಾರಣ ಸಿಕ್ಕಿತು. ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಬಿಡಿ ಚಿತ್ರ ಅನ್ನುವ ಲೆಕ್ಕ) ಮೋಡ್ ಎದುರು ‘ವೇರಿಯಬಲ್’ ಅಂತಿತ್ತು. ಅಂದರೆ ಫೋನ್ ಸೆಕೆಂಡಿಗೆ 30 ಫ್ರೇಮ್ ಅಂತ ಹೇಳಿದರೂ ಬೆಳಕು ಕಮ್ಮಿಯಾದಾಗಲೋ ಕೆಲಸ ಜಾಸ್ತಿಯಾದಾಗಲೋ ಏರಿಳಿಸುತ್ತದೆ. ಎಡಿಟಿಂಗ್ ಸಾಫ್ಟ್‌ವೇರ್ ಎಲ್ಲ ಫ್ರೇಮ್‌ಗಳೂ ಸಮ ಅಂತ ಲೆಕ್ಕ ಹಾಕಿದರೆ ಚಿತ್ರ ಒಂದು ಕಡೆ, ಶಬ್ದ ಒಂದು ಕಡೆ. ಹ್ಯಾಂಡ್‌ಬ್ರೇಕ್ ಅನ್ನೋ ವಿಡಿಯೊ ಪರಿವರ್ತಿಸುವ ಸಾಫ್ಟ್‌ವೇರ್‌ನಲ್ಲಿ ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ ಆರಿಸಿ ಫೈಲನ್ನು ಮತ್ತೆ ಎನ್‌ಕೋಡ್ ಮಾಡಿದೆ, ಸರಿಹೋಯಿತು. ಹೀಗೆ ಮಾಡಿದರೆ ಗುಣಮಟ್ಟ ಸ್ವಲ್ಪ ಇಳಿಯುತ್ತದೆ, ಸಮಯವೂ ಬೇಕು.

ಮಿರರ್‌ಲೆಸ್‌ನ ಫೈಲ್‌ಗಳಲ್ಲಿ ತೊಂದರೆ ಬೇರೆ ಥರ. ತಾಳ ತಪ್ಪಲಿಲ್ಲ, ಆದರೆ ಟೈಮ್‌ಲೈನ್ (ಕ್ಲಿಪ್‌ಗಳನ್ನು ಸಾಲಾಗಿ ಜೋಡಿಸುವ ಪಟ್ಟಿ) ಓಡಲೇ ಇಲ್ಲ. ಪ್ಲೇ ಒತ್ತಿದರೆ ಒಂದು ಚಿತ್ರ, ಎರಡು ಸೆಕೆಂಡ್ ಬಿಟ್ಟು ಇನ್ನೊಂದು. ನಾನು ಆಸೆಪಟ್ಟು 10 ಬಿಟ್, 4:2:2 (ಎರಡೂ ಬಣ್ಣದ ವಿವರ ಹೆಚ್ಚು ಉಳಿಸುವ ಆಯ್ಕೆಗಳು), ಎಚ್.265 ಅನ್ನುವ, ವಿಡಿಯೊವನ್ನು ಒತ್ತಿ ಚಿಕ್ಕದು ಮಾಡುವ ವಿಧಾನದಲ್ಲಿ 4ಕೆ ಶೂಟ್ ಮಾಡಿದ್ದೆ. ಎಚ್.265ನಲ್ಲಿ ಸಾಮಾನ್ಯವಾಗಿ ಪ್ರತಿ ಫ್ರೇಮೂ ಪೂರ್ತಿ ಇರುವುದಿಲ್ಲ. ಒಂದು ಪೂರ್ತಿ ಫ್ರೇಮ್ ಇದ್ದರೆ, ಅದರ ಮುಂದಿನವು ಬರೀ ಬದಲಾವಣೆಗಳು. ನೀವು ನಡುವೆ ಎಲ್ಲಿ ಕತ್ತರಿಸಿದರೂ ಕಂಪ್ಯೂಟರ್ ಹಿಂದೆ ಹೋಗಿ ಲೆಕ್ಕ ಕಟ್ಟಿಕೊಂಡು ಬರಬೇಕು. ಅದರ ಮೇಲೆ 4:2:2 ಎಚ್.265 ಅನ್ನು ನೇರವಾಗಿ ಬಿಡಿಸುವ ಶಕ್ತಿ ಎಲ್ಲ ಗ್ರಾಫಿಕ್ಸ್ ಕಾರ್ಡ್‌ಗೂ ಇಲ್ಲ, ನನ್ನದಕ್ಕಂತೂ ಇರಲಿಲ್ಲ. ರ‍್ಯಾಮ್ ಕಮ್ಮಿಯಾಯ್ತು ಅಂದುಕೊಂಡು ಸುಮ್ನೆ ಇನ್ನಷ್ಟು ಹಾಕಿಸಲು ಹೊರಟಿದ್ದೆ. ಅದರಿಂದ ಏನೂ ಆಗುತ್ತಿರಲಿಲ್ಲ. ಪ್ರಾಕ್ಸಿ, ಅಂದರೆ ಎಡಿಟಿಂಗ್‌ಗೆ ಮಾತ್ರ ಬಳಸುವ ಹಗುರ ನಕಲು, ಮಾಡಿದ್ದೇ ಪರಿಹಾರ. ಎಲ್ಲ ಕ್ಲಿಪ್‌ಗಳಿಗೂ 1080ಪಿಯಲ್ಲಿ ಡಿಎನ್‌ಎಕ್ಸ್‌ಎಚ್‌ಆರ್ (ಪ್ರತಿ ಫ್ರೇಮನ್ನೂ ಪೂರ್ತಿ ಇಡುವ ಬಗೆ) ನಕಲು ಮಾಡಿಸಿ ಮಲಗಿದೆ. ಬೆಳಗ್ಗೆ ಟೈಮ್‌ಲೈನ್ ನೀರು ಹರಿದಂತೆ ಓಡಿತು. ಎಕ್ಸ್‌ಪೋರ್ಟ್ ಮಾಡುವಾಗ ಮೂಲ ಫೈಲ್ ಬಳಸುವ ಆಯ್ಕೆ ಇದೆಯೇ ಅಂತ ಮರೆಯದೆ ನೋಡಿ. ಜಾಗದ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ. ಸೆಕೆಂಡಿಗೆ 100 ಮೆಗಾಬಿಟ್ ಅಂದರೆ ಎರಡು ಗಂಟೆಗೆ 90 ಜಿಬಿ, ಪ್ರಾಕ್ಸಿ ಅದರ ಮೇಲೆ ಬೇರೆ.

ಕ್ಯಾಮ್‌ಕಾರ್ಡರ್‌ನದು ಎವಿಸಿಎಚ್‌ಡಿ (ಕ್ಯಾಮ್‌ಕಾರ್ಡರ್‌ಗಳ ಒಂದು ಫೈಲ್ ಬಗೆ), 1080ಪಿ, ಸೆಕೆಂಡಿಗೆ 28 ಮೆಗಾಬಿಟ್. ಎರಡು ಗಂಟೆಗೆ 25 ಜಿಬಿ. ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲೂ ಪ್ರಾಕ್ಸಿ ಇಲ್ಲದೆ ಓಡಿತು. ಒಂದೇ ಒಂದು ತೊಡಕು: ಅದು ಉದ್ದದ ರೆಕಾರ್ಡಿಂಗನ್ನು ತುಂಡು ತುಂಡು ಫೈಲ್ ಮಾಡುತ್ತದೆ. ಆ ತುಂಡುಗಳನ್ನಷ್ಟೇ ಎಳೆದು ಹಾಕಿದಾಗ ಪ್ರತಿ ಸೇರಿಕೆಯಲ್ಲೂ ‘ಟಪ್’ ಅಂತ ಶಬ್ದ ಹಾರಿತು. ಕಾರ್ಡ್‌ನಲ್ಲಿರುವ ಫೋಲ್ಡರನ್ನು ಇದ್ದ ಹಾಗೇ ಪೂರ್ತಿ ನಕಲಿಸಿ, ಸಾಫ್ಟ್‌ವೇರ್‌ನ ಮೀಡಿಯಾ ಬ್ರೌಸರ್ ಮೂಲಕ ತಂದಾಗ ಎಲ್ಲ ಒಂದೇ ಕ್ಲಿಪ್ ಆಗಿ ಬಂತು.

ಕೊನೆಗೆ ನಾನು ಕೊಂಡದ್ದು ಕ್ಯಾಮ್‌ಕಾರ್ಡರನ್ನೇ. ಪೂರ್ತಿ ನಾಟಕ ಒಂದು ಕ್ಷಣವೂ ಬಿಡದೆ, ತಾಳವೂ ತಪ್ಪದೆ ಸಿಕ್ಕಿದ್ದು ಅದರಲ್ಲಿ ಮಾತ್ರ ಅಲ್ವಾ? ನೀವು ಕಿರುಚಿತ್ರ ಮಾಡುವವರಾದರೆ, ಚಿಕ್ಕ ಚಿಕ್ಕ ಶಾಟ್‌ಗಳೇ ಜಾಸ್ತಿ ಆದರೆ, ಕಣ್ಣುಮುಚ್ಚಿ ಮಿರರ್‌ಲೆಸ್ ತಗೊಳ್ಳಿ. ಆದರೆ ಯಾವುದನ್ನೇ ಆರಿಸುವ ಮೊದಲೂ ನಿಮ್ಮ ಕೆಲಸಕ್ಕೆ ಬೇಕಾದಷ್ಟು ಹೊತ್ತು ಶೂಟ್ ಮಾಡಿ, ನಿಮ್ಮದೇ ಕಂಪ್ಯೂಟರ್‌ನಲ್ಲಿ ಕತ್ತರಿಸಿ, ಎಕ್ಸ್‌ಪೋರ್ಟ್ ಮಾಡಿ ನೋಡಿ. ಶುರುವಿಗೊಂದು, ಕೊನೆಗೊಂದು ಚಪ್ಪಾಳೆ ತಟ್ಟಿ. ಎರಡೂ ಚಪ್ಪಾಳೆಯಲ್ಲಿ ಕೈ ಸೇರುವ ಫ್ರೇಮೂ ಶಬ್ದದ ಗೆರೆಯೂ ಒಂದೇ ಕಡೆ ಬಿದ್ದರೆ ಆ ಕ್ಯಾಮೆರಾ ನಿಮ್ಮ ಕೆಲಸಕ್ಕೆ ಬರುತ್ತದೆ.