ರೇಡ್ ಡಿಸ್ಕ್ ರಿಕವರಿಗೆ ಕೊಡೋ ಮುಂಚೆ ಇದನ್ನ ಓದಿ: ಹುಬ್ಬಳ್ಳಿಯಲ್ಲಿ ನನಗಾದ ಮೋಸ

ಹುಬ್ಬಳ್ಳಿ-ಧಾರವಾಡದ ಕಡೆ ಯಾರಾದರೂ ಮನೆಯಲ್ಲಿ ಎರಡು ಡಿಸ್ಕಿನ ರೇಡ್ ಪೆಟ್ಟಿಗೆ (ಎರಡು ಹಾರ್ಡ್ ಡಿಸ್ಕನ್ನ ಸೇರಿಸಿ ಒಂದೇ ಡಿಸ್ಕಿನ ಹಾಗೆ ಬಳಸೋದು) ಇಟ್ಟುಕೊಂಡಿದ್ದರೆ, ಅದರಲ್ಲೂ ಸ್ಟ್ರೈಪ್ ಮಾಡಿದ್ದರೆ, ಅಂದರೆ ಫೈಲುಗಳನ್ನ ತುಂಡು ಮಾಡಿ ಎರಡೂ ಡಿಸ್ಕಿಗೆ ಹಂಚಿದ್ದರೆ, ರಿಪೇರಿಗೆ ಕೊಡುವ ಮುಂಚೆ ದಯವಿಟ್ಟು ಇದನ್ನ ಪೂರ್ತಿ ಓದಿ. ಈಗಾಗಲೇ ಕೊಟ್ಟಿದ್ದರೆ ಮೊದಲು ಫೋನ್ ಮಾಡಿ, ಹಳೇ ಡಿಸ್ಕಿನ ಮೇಲೆ ಏನೂ ಬರೆಯಬೇಡಿ ಅಂತ ಹೇಳಿ. ಆಮೇಲೆ ಓದಿ.

ನಾನು ಧಾರವಾಡದವಳು. ಕಸೂತಿ ಹಾಕುವ ಹಿರಿಯ ಹೆಣ್ಣುಮಕ್ಕಳ ವಿಡಿಯೋ ಮಾಡುತ್ತೇನೆ. ಗವಂತಿ, ಮುರ್ಗಿ, ನೇಗಿ, ಮೆಂತಿ, ನಾಲ್ಕೂ ಹೊಲಿಗೆ. ಸೂಜಿ ಎಲ್ಲಿ ಏಳುತ್ತೆ, ಎಲ್ಲಿ ಇಳಿಯುತ್ತೆ ಅಂತ ಕಾಣೋ ಹಾಗೆ ತೀರಾ ಹತ್ತಿರದಿಂದ ತೆಗೆದದ್ದು. ಒಂದೊಂದು ಫೈಲೂ ದೊಡ್ಡದು. ಎಡಿಟ್ ಮಾಡುವಾಗ ವೇಗ ಬೇಕು ಅಂತ 4 ಟಿಬಿಯ ಎರಡು ಡಿಸ್ಕ್ ಸ್ಟ್ರೈಪ್ ಮಾಡಿ ಇಟ್ಟುಕೊಂಡಿದ್ದೆ. ಸ್ಟ್ರೈಪ್ ಅಂದರೆ ಒಂದು ಡಿಸ್ಕ್ ಹೋದರೆ ಎರಡೂ ಹೋದ ಹಾಗೆ, ಅದು ನನಗೆ ಗೊತ್ತಿತ್ತು. ಹಳೆಯದೆಲ್ಲ ಬೇರೆ ಡಿಸ್ಕಿನಲ್ಲಿ ಭದ್ರವಾಗಿದೆ. ಈ ವರ್ಷದ್ದಕ್ಕೆ ಅಂತ 8 ಟಿಬಿಯ ಹೊಸ ಡಿಸ್ಕೂ ತಂದೆ. ಕಾಪಿಗೆ ಹಾಕಿದರೆ ನಡುವೆ ನಿಂತುಬಿಡುತ್ತಿತ್ತು. ಡಿಸ್ಕಿನ ಆರೋಗ್ಯದ ರಿಪೋರ್ಟ್ ನೋಡಿದರೆ ಎರಡನೇ ಡಿಸ್ಕಿನಲ್ಲಿ ಪೆಂಡಿಂಗ್ ಸೆಕ್ಟರ್ (ಸರಿಯಾಗಿ ಓದೋಕೆ ಆಗದ ಜಾಗಗಳು) ಏರುತ್ತಾ ಇತ್ತು. ಅಂದರೆ ಡಿಸ್ಕ್ ಸಾಯೋಕೆ ಶುರುವಾಗಿದೆ. ಆಗ ಮನೆಯಲ್ಲಿ ಸುಮ್ನೆ ಮತ್ತೆ ಮತ್ತೆ ಕಾಪಿ ಹಾಕಿ ಅದನ್ನ ಪೂರ್ತಿ ಕೊಲ್ಲೋದು ಬೇಡ ಅಂತ ಆಫ್ ಮಾಡಿದೆ.

ಹುಬ್ಬಳ್ಳಿಯ ಒಂದು ಅಂಗಡಿ. ಹೊರಗೆ ದೊಡ್ಡ ಬೋರ್ಡು, ಡೇಟಾ ರಿಕವರಿ, ಎಲ್ಲಾ ತರಹದ ರೇಡ್ ಅಂತ. ನಾನು ಸ್ಪಷ್ಟವಾಗಿ ಹೇಳಿದೆ: ಎರಡೂ ಡಿಸ್ಕನ್ನ ಬೇರೆ ಬೇರೆಯಾಗಿ, ಸೆಕ್ಟರ್ ಬೈ ಸೆಕ್ಟರ್ ಇಮೇಜ್ (ಇಡೀ ಡಿಸ್ಕಿನ ಯಥಾವತ್ ನಕಲು) ತಗೊಳ್ಳಿ. ಆ ಇಮೇಜ್ ಮೇಲೆ ಕೆಲಸ ಮಾಡಿ, ಫೈಲುಗಳನ್ನ ನನ್ನ 8 ಟಿಬಿ ಡಿಸ್ಕಿಗೆ ಹಾಕಿ. ಅದೆಲ್ಲ ಸರಿ ಇದೆ ಅಂತ ನಾನು ಹೇಳಿದ ಮೇಲೆ ಹೊಸ ಡಿಸ್ಕ್ ಹಾಕಿ ಪೆಟ್ಟಿಗೆಗೆ ರಿಸ್ಟೋರ್ ಮಾಡಿ. ಪೆಟ್ಟಿಗೆಯ ತಳಕ್ಕೆ ಒಂದು ಚೀಟಿ ಅಂಟಿಸಿದ್ದೆ: ಎಡಗಡೆಯದು ಮೊದಲನೇ ಡಿಸ್ಕ್, ಸ್ಟ್ರೈಪ್ (ಒಂದೊಂದು ತುಂಡಿನ ಅಳತೆ) 128 ಕೆಬಿ. ಅದನ್ನೂ ತಿರುಗಿಸಿ ತೋರಿಸಿದೆ.

"ಅಷ್ಟ ಅಲ್ರಿ ಮೇಡಂ, ದಿನಾ ಇದ ಮಾಡ್ತೇವ್ರಿ. ನೀವು ಆರಾಮ ಮನಿಗೆ ಹೋಗ್ರಿ."

ರಸೀದಿಯಲ್ಲಿ ಬರೆದದ್ದು "ಹಾರ್ಡ್ ಡಿಸ್ಕ್ 1, ಸರ್ವಿಸ್" ಅಂತ. ಕೊಟ್ಟದ್ದು ಪೆಟ್ಟಿಗೆಯಲ್ಲಿ ಎರಡು, ಜೊತೆಗೆ ನನ್ನ 8 ಟಿಬಿದು ಒಂದು. ತಿದ್ದಿ ಅಂದರೆ, "ಸಿಸ್ಟಮ್‌ನಾಗ ಹಂಗ ಬರ್ತೈತ್ರಿ" ಅಂದ.

ಆಮೇಲೆ ಫೋನು. ಕೆಲಸ ಆಗಿದೆ, ಬನ್ನಿ. ಹೋದೆ. ಕೌಂಟರಿನಲ್ಲೇ ಡಿಸ್ಕ್ ಹಚ್ಚಿ ತೋರಿಸಿದ. ಫೋಲ್ಡರುಗಳೆಲ್ಲ ಇವೆ. ಹೆಸರು ಸರಿ ಇದೆ, ತಾರೀಕು ಸರಿ ಇದೆ, ಸೈಜೂ ಸರಿ ಇದೆ. ನಕ್ಷೆಯ ಸಣ್ಣ ಸಣ್ಣ ಚಿತ್ರಗಳನ್ನ ಒಂದೊಂದಾಗಿ ತೆರೆದ. ಗೋಪುರ, ತೇರು, ಕಮಲ, ಎಲ್ಲಾ ತೆರೆದುಕೊಂಡವು. ಒಂದು ಬಿಲ್ಲು ತೆರೆದ, ಅದೂ ಬಂತು. ಒಂದು ವಿಡಿಯೋ ಓಡಿಸಿ ಅಂದೆ.

"ಈ ಸಿಸ್ಟಮ್ ಭಾಳ ಸ್ಲೋ ಐತ್ರಿ ಮೇಡಂ, ದೊಡ್ಡ ಫೈಲ್ ಓಡಂಗಿಲ್ಲ. ಮನ್ಯಾಗ ನೋಡ್ಕೋರಿ. ಏನರ ಆದ್ರ ನಾವ್ ಎಲ್ಲಿ ಹೋಗ್ತೇವ್ರಿ?"

ಈ ಮಾತನ್ನ ಗಮನಿಸಿ. ಇಲ್ಲೇ ಇರೋದು ಮೋಸ. ಬಾಕಿ ಹಣ ಎಣಿಸಿಕೊಂಡು, ಮುಂಗಡವೂ ಸೇರಿ 18,500 ರೂಪಾಯಿ, ಪೆಟ್ಟಿಗೆಯನ್ನ ಚೀಲಕ್ಕೆ ಹಾಕಿ ಕೊಟ್ಟ.

ಮನೆಗೆ ಬಂದು ವಿಡಿಯೋ ಹಾಕಿದೆ. ಅಜ್ಜಿಯೊಬ್ಬರು ಗವಂತಿ ಎಳೆ ಎಣಿಸಿ ಸೂಜಿ ಚುಚ್ಚುತ್ತಿದ್ದಾರೆ. ಬೆರಳು ಮೇಲೆದ್ದದ್ದು ಅಲ್ಲೇ ನಿಂತಿತು. ಅರ್ಧ ಪರದೆ ಹಸಿರು ಚೌಕ. ಆಮೇಲೆ ದನಿ ಕರಕರ ಅಂದು ಬಂದ್. ಮುಂದಿನ ಫೈಲು ತೆರೆಯಲೇ ಇಲ್ಲ. ಅದರ ಮುಂದಿನದೂ ಅಷ್ಟೇ. ದೊಡ್ಡ ಫೈಲ್ ಒಂದೂ ಓಡಲಿಲ್ಲ. ಒಂದೂ ಇಲ್ಲ!

ಯಾಕೆ ಹೀಗಾಗುತ್ತೆ ಅಂತ ಹೇಳಿಬಿಡುತ್ತೇನೆ, ನಿಮಗೂ ಇದೇ ಮೋಸ ಆಗಬಾರದು. ಗವಂತಿಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿದು, ವಾಪಸ್ ಬರುವಾಗ ಬಿಟ್ಟ ಜಾಗ ತುಂಬುತ್ತಾರೆ. ಸ್ಟ್ರೈಪೂ ಹಾಗೇ. ಮೊದಲ 128 ಕೆಬಿ ಒಂದು ಡಿಸ್ಕಿಗೆ, ಮುಂದಿನ 128 ಇನ್ನೊಂದಕ್ಕೆ, ಮತ್ತೆ ಮೊದಲನೆಯದಕ್ಕೆ. ಜೋಡಿಸುವಾಗ ಅಳತೆ ತಪ್ಪಿದರೆ, ಅಥವಾ ಎಡ ಬಲ ಅದಲುಬದಲಾದರೆ, ತುಂಡುಗಳು ತಪ್ಪು ಜಾಗದಲ್ಲಿ ಕೂರುತ್ತವೆ. ಫೈಲಿನ ಹೆಸರು, ಸೈಜು, ತಾರೀಕು ಇರುವ ದಾಖಲೆ ತೀರಾ ಚಿಕ್ಕದು. ರಿಕವರಿ ಸಾಫ್ಟ್‌ವೇರ್ ಅದನ್ನ ಹುಡುಕಿ ಪಟ್ಟಿ ಮಾಡಿಬಿಡುತ್ತೆ. ತಪ್ಪಿದ್ದು ಅಳತೆ ಮಾತ್ರ ಆಗಿದ್ದರೆ, ಒಂದೇ ತುಂಡಿನೊಳಗೆ ಹಿಡಿಯುವ ಸಣ್ಣ ಫೈಲುಗಳೂ ಎಷ್ಟೋ ತೆರೆಯುತ್ತವೆ. ಸಾವಿರಾರು ತುಂಡುಗಳ ಮೇಲೆ ಹರಡಿರುವ ವಿಡಿಯೋ ಮಾತ್ರ ಬರೋದಿಲ್ಲ. ಈ ಧಂದೆಯಲ್ಲಿ ಇರುವವನಿಗೆ ಇದು ಗೊತ್ತಿರಲೇಬೇಕು. ಗೊತ್ತಿದ್ದೇ ಸಣ್ಣ ಫೈಲು ತೋರಿಸಿದ.

ಪೆಟ್ಟಿಗೆ ತಿರುಗಿಸಿ ನೋಡಿದರೆ ಚೀಟಿಯೇ ಇಲ್ಲ. ತಳ ಫಳಫಳ ಹೊಳೀತಿದೆ. ಫೋನ್ ಮಾಡಿ ಕೇಳಿದೆ.

"ಬಾಕ್ಸ್ ಕ್ಲೀನ್ ಮಾಡಿ ಕೊಟ್ಟೇವ್ರಿ ಮೇಡಂ, ಅದಕ್ಕೇನ್ ಎಕ್ಸ್ಟ್ರಾ ತಗೊಂಡಿಲ್ಲ."

ಉಪಕಾರ ಮಾಡಿದ ಹಾಗೆ ಹೇಳಿದ! ವಿಡಿಯೋ ಓಡ್ತಿಲ್ಲ ಅಂದೆ. ಮೊದಲು, "ಪ್ಲೇಯರ್ ಬದಲ ಮಾಡ್ರಿ." ಬದಲು ಮಾಡಿದೆ, ಆಗಲಿಲ್ಲ. ಆಮೇಲೆ, "ನಿಮ್ಮ ಫೈಲ್ ಮೊದಲ ಕೆಟ್ಟಿದ್ವು ಕಾಣ್ತೈತಿ." ಅದೇ ಫೈಲುಗಳಲ್ಲಿ ಎಡಿಟ್ ಮಾಡಿ ಮುಗಿಸಿದ ತುಣುಕುಗಳು ನನ್ನ ಮೊಬೈಲಿನಲ್ಲಿವೆ, ಚೆನ್ನಾಗೇ ಓಡ್ತಿವೆ. ಅದನ್ನ ಹೇಳಿದ್ದಕ್ಕೆ, "ಹಂಗಿದ್ರ ಕ್ಯಾಮೆರಾ ಪ್ರಾಬ್ಲಮ್ ಇರಬೇಕ್ರಿ" ಅಂದ. ಮೊಬೈಲಿನಲ್ಲಿ ಓಡ್ತಿದೆ ಅಂತ ಈಗಷ್ಟೇ ಹೇಳಿದ್ದೇನೆ, ಕ್ಯಾಮೆರಾ ಪ್ರಾಬ್ಲಮ್ ಅಂತೆ.

ಸರಿ, ಇಮೇಜ್ ಕೊಡಿ, ಬೇರೆಯವರ ಹತ್ರ ಜೋಡಿಸಿಕೊಳ್ಳುತ್ತೇನೆ ಅಂದೆ. "ಜಾಗ ಸಾಲಂಗಿಲ್ಲಂತ ಅಳಿಸೇವ್ರಿ." ತಗೊಂಡಿದ್ದರೆ ತಾನೇ ಅಳಿಸೋದು? ಹಳೇ ಡಿಸ್ಕ್ ಎರಡೂ ಕೊಡಿ ಅಂದೆ. "ಕೆಟ್ಟದ್ದು ವಾರಂಟಿಗೆ ಕಂಪನಿಗೆ ಹೋತ್ರಿ. ಚಲೋದನ್ನ ಫಾರ್ಮ್ಯಾಟ್ ಮಾಡಿ ಹೊಸಾದರ ಜೋಡಿ ಹಾಕಿ ಕೊಟ್ಟೇವಲ್ರಿ. ನೀವ ರಿಸ್ಟೋರ್ ಮಾಡ್ರಿ ಅಂದಿದ್ರಿ."

ಇಲ್ಲಿ ನನಗೆ ಮಾತೇ ಹೊರಡಲಿಲ್ಲ. ಒಂದು ಡಿಸ್ಕ್ ಕೈಬಿಟ್ಟು ಹೋಯಿತು. ಇನ್ನೊಂದರ ಮೇಲೆ ಅದೇ ಕೆಟ್ಟ ಫೈಲುಗಳನ್ನ ತಂದು ಸುರಿದಿದ್ದಾನೆ. ಎರಡೂ ಹಳೇ ಡಿಸ್ಕ್ ಹಾಗೇ ಇದ್ದಿದ್ದರೆ ಇವತ್ತಲ್ಲ ನಾಳೆ ಸರಿಯಾದವರ ಹತ್ರ ಹೋಗಬಹುದಿತ್ತು. ಅಳತೆ ತಪ್ಪಿದ್ದು ಸರಿಮಾಡಬಹುದಾದ ತಪ್ಪು. ಹಳೇ ಡಿಸ್ಕಿನ ಮೇಲೆ ಬರೆದದ್ದು ಸರಿಮಾಡೋಕೆ ಆಗದ ತಪ್ಪು. ನಾನು ಸರಿ ಇದೆ ಅಂದ ಮೇಲೆ ರಿಸ್ಟೋರ್ ಮಾಡಿ ಅಂತ ಹೇಳಿದ್ದೆ. ನನ್ನನ್ನ ಕೇಳಲೇ ಇಲ್ಲ.

ಖುದ್ದಾಗಿ ಹೋಗಿ ಕೂತೆ. ಅಂಗಡಿ ತುಂಬ ಗಿರಾಕಿಗಳಿದ್ದರು. ಎಲ್ಲರ ಎದುರಿಗೆ ಹೇಳುತ್ತಾನೆ: "ನಿಮಗ ತಿಳಿಯಂಗಿಲ್ರಿ ಮೇಡಂ. ಮನಿಯವರನ್ನ ಕಳಸ್ರಿ, ಅವರಿಗೆ ತಿಳಿಸಿ ಹೇಳ್ತೀನಿ." ಪಕ್ಕದಲ್ಲಿ ನಿಂತವರು ನಕ್ಕರು. 128 ಕೆಬಿ ಅಂತ ಬರೆದು ಕೊಟ್ಟವಳು ನಾನು. ಅದನ್ನ ಒರೆಸಿ ಹಾಕಿದವನು ಅವನು. ತಿಳಿಯದವಳು ನಾನಂತೆ. ಕೊನೆಗೆ ಬಿಲ್ಲಿನ ಹಿಂಭಾಗ ತೋರಿಸಿದ, ಡೇಟಾಕ್ಕೆ ಅಂಗಡಿ ಜವಾಬ್ದಾರಿಯಲ್ಲ ಅಂತ ಇರುವೆ ಸಾಲಿನಂಥ ಅಕ್ಷರ. ಡೇಟಾ ರಿಕವರಿ ಅಂತ ಬೋರ್ಡ್ ಹಾಕಿ, ಅದಕ್ಕೇ ದುಡ್ಡು ತಗೊಂಡು, ಡೇಟಾಕ್ಕೆ ಜವಾಬ್ದಾರಿ ಇಲ್ಲ!

ನೀವು ಕೊಡುವುದಾದರೆ: ಎರಡೂ ಡಿಸ್ಕಿನ ಸೀರಿಯಲ್ ನಂಬರ್ ರಸೀದಿಯಲ್ಲಿ ಬರೆಸಿ. ಯಾವುದು ಯಾವ ಸ್ಲಾಟಿನಲ್ಲಿತ್ತು ಅಂತ ಫೋಟೋ ತೆಗೆದಿಟ್ಟುಕೊಳ್ಳಿ. ಹಳೇ ಡಿಸ್ಕ್ ಕೆಟ್ಟದ್ದೂ ಸೇರಿ ವಾಪಸ್ ಬೇಕು, ಅದರ ಮೇಲೆ ಏನೂ ಬರೆಯಬಾರದು ಅಂತಲೂ ಬರೆಸಿ. "ಹೊಸ ಡಿಸ್ಕ್ ಹಾಕಿದರೆ ತಾನಾಗೇ ರೀಬಿಲ್ಡ್ ಆಗುತ್ತೆ" ಅನ್ನುವವನ ಹತ್ತಿರ ನಿಲ್ಲಲೂ ಬೇಡಿ. ಅದು ಮಿರರ್‌ನಲ್ಲಿ, ಅಂದರೆ ಎರಡೂ ಡಿಸ್ಕಿನಲ್ಲಿ ಒಂದೇ ಪ್ರತಿ ಇದ್ದಾಗ ಆಗೋದು, ಸ್ಟ್ರೈಪ್‌ನಲ್ಲಿ ರೀಬಿಲ್ಡ್ ಮಾಡೋಕೆ ಇನ್ನೊಂದು ಪ್ರತಿಯೇ ಇರಲ್ಲ. ಇರೋದರಲ್ಲೇ ಅತಿ ದೊಡ್ಡ ವಿಡಿಯೋ ಕೌಂಟರಿನಲ್ಲೇ ಶುರುವಿಂದ ಕೊನೆತನಕ ಓಡಿಸಿ ನೋಡಿ. ಸಿಸ್ಟಮ್ ಸ್ಲೋ ಅಂದರೆ ನಿಮ್ಮ ಲ್ಯಾಪ್‌ಟಾಪ್ ಒಯ್ಯಿರಿ. ಓಡಿದ ಮೇಲೆ ದುಡ್ಡು. ಲಿನಕ್ಸ್ ಬಲ್ಲವರು ಮನೆಯಲ್ಲಿದ್ದರೆ ಡಿಡಿರೆಸ್ಕ್ಯೂ ಅಂತ ಇಮೇಜ್ ತೆಗೆಯೋ ಉಚಿತ ಸಾಫ್ಟ್‌ವೇರ್ ಇದೆ. ಅದು ಚೆನ್ನಾಗಿರುವ ಭಾಗ ಮೊದಲು ಓದಿಕೊಂಡು, ಕೆಟ್ಟ ಜಾಗಕ್ಕೆ ಆಮೇಲೆ ಬರುತ್ತೆ. ಎಲ್ಲಿತನಕ ಓದಿದೆ ಅಂತ ಬರೆದಿಡೋ ಮ್ಯಾಪ್ ಫೈಲ್ ಇಟ್ಟುಕೊಂಡರೆ ನಡುವೆ ಕರೆಂಟ್ ಹೋದರೂ ಬಿಟ್ಟಲ್ಲಿಂದ ಮುಂದುವರಿಯುತ್ತೆ. ಇಮೇಜ್ ನೀವೇ ತೆಗೆದು, ಅಂಗಡಿಗೆ ಇಮೇಜ್ ಮಾತ್ರ ಕೊಡಿ.

ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅಲ್ಲಿ ಆಗದಿದ್ದರೆ ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗ. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹೋಗಬೇಕು. ಕೇಸು ನಡೆಯೋತನಕ ಅಂಗಡಿಯ ಹೆಸರು ಹಾಕೋದಿಲ್ಲ, ಕೇಳಬೇಡಿ. ಆದರೆ ಹುಬ್ಬಳ್ಳಿಯಲ್ಲಿ ಯಾರಿಗಾದರೂ ಸಣ್ಣ ಫೈಲು ತೋರಿಸಿ ಹಣ ತಗೊಂಡು, ಹಳೇ ಡಿಸ್ಕ್ ವಾರಂಟಿಗೆ ಹೋಯಿತು ಅಂತ ಹೇಳಿದ್ದರೆ ನಿಮ್ಮ ಬಿಲ್ಲು ಎಸೆಯಬೇಡಿ. ನನಗೆ ತಿಳಿಸಿ, ಇಬ್ಬರ ದೂರೂ ಒಟ್ಟಿಗೆ ಕೊಡೋಣ.