ಮಗುವಿನ ಕೈಗೆ ಮೊದಲು ಕೊಳಲೋ, ರೆಕಾರ್ಡರೋ?

ಊದುವ ವಾದ್ಯ ಅಂದ ಕೂಡಲೇ ನಮ್ಮಲ್ಲಿ ಬಿದಿರಿನ ಕೊಳಲು ತರುತ್ತಾರೆ. ತಪ್ಪಲ್ಲ, ಆದರೆ ತಾಳ್ಮೆ ಬೇಕು. ತುಟಿ ಕಿರಿದು ಮಾಡಿ ಗಾಳಿಯನ್ನು ರಂಧ್ರದ ಅಂಚಿಗೆ ಸರಿಯಾಗಿ ತಾಗಿಸಬೇಕು. ಶುರುವಿನಲ್ಲಿ ಬರೀ 'ಫೂ', ಜೊತೆಗೆ ತಲೆಸುತ್ತು. ಕರ್ನಾಟಕ ಸಂಗೀತದ ಕೊಳಲಿಗೆ ಬೆರಳಿಡಲು 8 ರಂಧ್ರ, ಹಿಂದೂಸ್ತಾನಿ ಸಂಗೀತದ ಕೊಳಲಾದ ಬಾನ್ಸುರಿಗೆ ಸಾಮಾನ್ಯವಾಗಿ 6. ಆದರೆ ಕಛೇರಿಯ ಉದ್ದ ಬಾನ್ಸುರಿಯಲ್ಲಿ ರಂಧ್ರಗಳು ದೂರ ದೂರ, ಪುಟ್ಟ ಬೆರಳು ಮುಟ್ಟುವುದೇ ಇಲ್ಲ. ಚಿಕ್ಕವರಿಗೆ ಗಿಡ್ಡ ಕೊಳಲೇ ಸರಿ.

ರೆಕಾರ್ಡರ್ ಅಂದರೆ ನೆಟ್ಟಗೆ ಹಿಡಿದು ಊದುವ ಪಾಶ್ಚಾತ್ಯ ಕೊಳಲು; ಅದರಲ್ಲಿ ಈ ಗೋಳಿಲ್ಲ. ಜಾತ್ರೆಯ ಪೀಪಿಯ ಹಾಗೆ ಬಾಯಿಗಿಟ್ಟು ಮೆಲ್ಲಗೆ ಊದಿದರೆ ಸ್ವರ ಬಂತು. ಮುಂದೆ 7 ರಂಧ್ರ, ಹಿಂದೆ ಹೆಬ್ಬೆರಳಿಗೊಂದು. ಪ್ಲಾಸ್ಟಿಕ್ಕಿನದು ಅಗ್ಗ, ತೊಳೆಯಲೂಬಹುದು. ಜೋರಾಗಿ ಊದಿದರೆ ಮಾತ್ರ ಕಿವಿ ಮುಚ್ಚಿಕೊಳ್ಳಬೇಕು! ನಮ್ಮ ಸಂಗೀತದಲ್ಲಿ ಸ್ವರವನ್ನು ತೂಗಿ ಜಾರಿಸುವ ಗಮಕಕ್ಕೂ ಅಷ್ಟಾಗಿ ಒಗ್ಗದು.

ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್ ವಾದನ ಕೇಳಿ ಮಗು ಅದೇ ಬೇಕೆಂದರೆ? ಮೈ ಹಿತ್ತಾಳೆಯದಾದರೂ ರೀಡ್‌ನಿಂದ, ಅಂದರೆ ಊದಿದಾಗ ಅದುರುವ ತೆಳು ಪಟ್ಟಿಯಿಂದ ನುಡಿಯುವುದರಿಂದ ಅದೂ ಕೊಳಲು, ರೆಕಾರ್ಡರ್‌ಗಳಿರುವ 'ವುಡ್‌ವಿಂಡ್' ಕುಟುಂಬವೇ. ಆದರೆ ಭಾರ, ದುಬಾರಿ. ಮುಂದಿನ ಹಲ್ಲು ಗಟ್ಟಿಯಾಗಿ ಬರುವವರೆಗೆ ಕಾಯಲಿ.

ಏಳೆಂಟು ವರ್ಷದ ಮಗುವಾದರೆ ನಾನು ರೆಕಾರ್ಡರ್ ಕೊಡಿಸುತ್ತೇನೆ. ಮನೆಯ ಹತ್ತಿರ ಒಳ್ಳೆಯ ಮೇಷ್ಟ್ರು ಇದ್ದರೆ ಮಾತ್ರ ಸೀದಾ ಕೊಳಲು.