ಆಸ್ತಿ ರಕ್ಷಣೆಯ ಸಲಹೆ: ಚಾಮರಾಜಪುರಂನ ವಕೀಲರ ಕಚೇರಿಯೊಂದರ ಅನುಭವ

ಮಂಡ್ಯದಲ್ಲಿ ಬೆಲ್ಲದ ಸಗಟು ವ್ಯಾಪಾರ ಮಾಡುವ ನಾನು, ಮೈಸೂರಿನ ಚಾಮರಾಜಪುರಂನಲ್ಲಿರುವ ಒಂದು ವಕೀಲರ ಕಚೇರಿಯಿಂದ ಮೂರು ತಿಂಗಳ ಕಾಲ ಪಡೆದ ಸಲಹೆಯ ಬಗ್ಗೆ ಬರೆಯುತ್ತಿದ್ದೇನೆ. ವಕೀಲರು ಜಾಹೀರಾತು ಕೊಡಬಾರದೆಂದು ಭಾರತೀಯ ವಕೀಲರ ಪರಿಷತ್ತಿನ ನಿಯಮವಿರುವುದರಿಂದ ಹೆಸರು ಹಾಕಿಲ್ಲ.

ನಮ್ಮ ಬೀದಿಯ ವ್ಯಾಪಾರಿಯೊಬ್ಬರು ಭಾವಮೈದುನನ ಸಾಲಕ್ಕೆ ಜಾಮೀನು ಹಾಕಿ, ಕೊನೆಗೆ ತಮ್ಮ ಮನೆಯ ಗೋಡೆಗೇ ಜಪ್ತಿ ನೋಟಿಸು ಅಂಟಿಸಿಕೊಂಡಿದ್ದನ್ನು ಕಂಡ ಮೇಲೆ ನನಗೆ ನೆಮ್ಮದಿಯಿರಲಿಲ್ಲ. ನಾನು ಮತ್ತು ಸೋದರಮಾವನ ಮಗ ನಡೆಸುತ್ತಿರುವುದು ಪಾಲುದಾರಿಕೆ ಸಂಸ್ಥೆ. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ ಸಂಸ್ಥೆಯ ಸಾಲಕ್ಕೆ ಇಬ್ಬರಲ್ಲಿ ಯಾರನ್ನು ಬೇಕಾದರೂ ಪೂರ್ತಿ ಹಣಕ್ಕೆ ಹೊಣೆ ಮಾಡಬಹುದು. ಪತ್ರ ಬರಹಗಾರರೊಬ್ಬರು, ಮನೆಯನ್ನು ಹೆಂಡತಿಯ ಹೆಸರಿಗೆ ದಾನಪತ್ರ ಮಾಡಿಬಿಟ್ಟರೆ ಯಾರೂ ಮುಟ್ಟಲಾರರೆಂದು ಹೇಳಿ ಕರಡನ್ನೂ ಬರೆದುಕೊಟ್ಟರು. ಅದನ್ನು ಹಿಡಿದುಕೊಂಡೇ ವಕೀಲರ ಬಳಿಗೆ ಹೋದೆ.

ಅವರು ಕರಡನ್ನು ಪಕ್ಕಕ್ಕಿಟ್ಟು, ಗೆರೆ ಹಾಳೆಯೊಂದನ್ನು ತೆಗೆದುಕೊಂಡು ನಡುವೆ ಉದ್ದಕ್ಕೆ ಗೀಟು ಎಳೆದರು. ಎಡಗಡೆ ನನ್ನದೆನ್ನುವುದೆಲ್ಲವನ್ನೂ, ಬಲಗಡೆ ನನ್ನಿಂದ ಹಣ ಕೇಳಬಲ್ಲವರೆಲ್ಲರನ್ನೂ ಬರೆಸಿದರು. ಬಲಗಡೆಯ ಮೊದಲ ಎರಡು ಸಾಲು ಆಲೆಮನೆಯವರದು: ಇಬ್ಬರಿಗೂ ಸೇರಿ 4.6 ಲಕ್ಷ ರೂಪಾಯಿ ಬಾಕಿಯಿತ್ತು. "ನೋಡಿ ಯಜಮಾನ್ರೇ, ಇವರಿಗೆ ಕೊಡೋದು ಉಳಿಸಿಕೊಂಡು ಮನೆ ಬರೆದುಕೊಟ್ಟರೆ ಅದಕ್ಕೆ ರಕ್ಷಣೆ ಅನ್ನೋಲ್ಲ, ವಂಚನೆ ಅಂತಾರೆ," ಎಂದರು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 53ನೇ ಕಲಂ ಪ್ರಕಾರ, ಸಾಲ ಕೊಟ್ಟವರನ್ನು ತಪ್ಪಿಸುವ ಉದ್ದೇಶದಿಂದ ಮಾಡಿದ ವರ್ಗಾವಣೆಯನ್ನು ಆ ಸಾಲ ಕೊಟ್ಟವರು ನ್ಯಾಯಾಲಯದಲ್ಲಿ ರದ್ದು ಮಾಡಿಸಬಹುದಂತೆ. ವರ್ಷಾನುಗಟ್ಟಲೆ ನಂಬಿಕೆಯ ಮೇಲೆ ಬೆಲ್ಲ ಕಳಿಸಿದವರಿಗೆ ನಾನು ಏನು ಮಾಡಹೊರಟಿದ್ದೆನೆಂಬುದು ಆಗ ಅರ್ಥವಾಯಿತು. ಈ ಕಚೇರಿಯನ್ನು ನಾನು ಮೆಚ್ಚುವುದಕ್ಕೆ ಮುಖ್ಯ ಕಾರಣ ಇದೇ: ಬಾಕಿ ತೀರುವ ತನಕ ದಾನಪತ್ರಕ್ಕೆ ಕೈ ಹಾಕುವುದಿಲ್ಲವೆಂದು ಅವರು ಖಡಾಖಂಡಿತವಾಗಿ ಹೇಳಿದರು.

ಅದೇ ಹಾಳೆಯ ಕೆಳಗೆ, ನಾನು ಮರೆತೇಬಿಟ್ಟಿದ್ದ ಇನ್ನೊಂದು ಸಂಗತಿ ಹೊರಬಿತ್ತು. ಸ್ನೇಹಿತರ ಟ್ರ್ಯಾಕ್ಟರ್ ಸಾಲಕ್ಕೆ ನಾನು ಜಾಮೀನು ಸಹಿ ಹಾಕಿದ್ದೆ. 1872ರ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಇರುತ್ತದೆ. ಆ ಸಹಿಯನ್ನು ನನ್ನಿಷ್ಟಕ್ಕೆ ವಾಪಸು ಪಡೆಯಲಾಗದು, ಬ್ಯಾಂಕು ಬೇರೊಬ್ಬ ಜಾಮೀನುದಾರರನ್ನು ಒಪ್ಪಬೇಕು. ಅದಕ್ಕಾಗಿ ನಾಲ್ಕು ಸಲ ಬ್ಯಾಂಕಿಗೆ ಅಲೆದೆ, ಕೊನೆಗೆ ಸ್ನೇಹಿತರ ಅಣ್ಣನವರು ಮುಂದೆ ಬಂದರು.

ವ್ಯಾಪಾರವನ್ನು ಈಗ ಎಲ್.ಎಲ್.ಪಿ. ಆಗಿ, ಅಂದರೆ 2008ರ ಕಾಯ್ದೆಯಡಿಯ ಸೀಮಿತ ಹೊಣೆಗಾರಿಕೆ ಪಾಲುದಾರಿಕೆಯಾಗಿ ಪರಿವರ್ತಿಸಿದ್ದೇವೆ. ಇದರಲ್ಲಿ ಸಂಸ್ಥೆಯ ಸಾಲಕ್ಕೆ ಪಾಲುದಾರರ ಸ್ವಂತ ಆಸ್ತಿಯನ್ನು ಸಾಮಾನ್ಯವಾಗಿ ಮುಟ್ಟುವಂತಿಲ್ಲ, ಎರಡರ ನಡುವೆ ಗೋಡೆ ಕಟ್ಟಿದಂತೆ. ಹಳೆಯ ಸಂಸ್ಥೆಯ ಕಾಲದ ಸಾಲಗಳಿಗೆ ನಮ್ಮ ವೈಯಕ್ತಿಕ ಹೊಣೆ ಹಾಗೆಯೇ ಉಳಿಯುತ್ತದೆ, ಬ್ಯಾಂಕಿಗೆ ವೈಯಕ್ತಿಕ ಜಾಮೀನು ಕೊಟ್ಟರೆ ಈ ಗೋಡೆಯಲ್ಲಿ ನಾವೇ ಬಾಗಿಲು ತೆರೆದಂತೆ ಎಂಬೆರಡು ಮಾತುಗಳನ್ನು ಅವರು ಒತ್ತಿ ಹೇಳಿದರು. ವ್ಯವಸಾಯಗಾರ ವಾಸಿಸುವ ಸ್ವಂತ ಮನೆಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಜಪ್ತಿಯಿಂದ ವಿನಾಯಿತಿ ನೀಡುತ್ತದೆ. ಎರಡು ಎಕರೆ ಗದ್ದೆಯಿದ್ದರೂ ನನ್ನ ಜೀವನ ನಡೆಯುವುದು ವ್ಯಾಪಾರದಿಂದಾದ್ದರಿಂದ ಅದನ್ನು ನಂಬಿ ಕೂರಬೇಡಿ ಎಂದರು. ಪಿ.ಪಿ.ಎಫ್. (ಸಾರ್ವಜನಿಕ ಭವಿಷ್ಯ ನಿಧಿ) ಎಂಬ ಸರ್ಕಾರಿ ಉಳಿತಾಯ ಖಾತೆಯ ಹಣ ನ್ಯಾಯಾಲಯದ ಜಪ್ತಿಗೆ ಒಳಪಡುವುದಿಲ್ಲ. ಆದಾಯ ತೆರಿಗೆ ಬಾಕಿಗೆ ಮಾತ್ರ ಆ ರಕ್ಷಣೆ ಇಲ್ಲ.

ನನಗೆ ತೀರ ಹೊಸದಾಗಿದ್ದುದು 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆ. ಅದರಡಿ ಹೆಂಡತಿ ಮತ್ತು ಮಕ್ಕಳ ಹಿತಕ್ಕಾಗಿ ಮಾಡಿಸಿದ ಜೀವವಿಮೆಯ ಹಣ ಅವರ ಪಾಲಿನ ಟ್ರಸ್ಟ್ ಆಗುತ್ತದೆ, ಗಂಡನ ಸಾಲದವರಿಗೆ ಸಿಗುವುದಿಲ್ಲ. ಆದರೆ ಪಾಲಿಸಿ ಮಾಡಿಸುವಾಗಲೇ ಘೋಷಣೆ ಕೊಡಬೇಕು. ನನ್ನ ಹಳೆಯ ಎರಡು ಪಾಲಿಸಿಗಳಿಗೆ ಇದು ಅನ್ವಯಿಸದೆಂದು ಅವರು ತಿಳಿಸಿದ್ದು ಮೂರನೆಯ ಭೇಟಿಯಲ್ಲಿ. ಮೊದಲ ದಿನವೇ ಹೇಳಬೇಕಾಗಿತ್ತು.

ಇನ್ನೂ ಎರಡು ಆಕ್ಷೇಪಗಳಿವೆ. ಕರಡುಗಳೆಲ್ಲ ಇಂಗ್ಲಿಷಿನಲ್ಲಿ ಬಂದವು. ಸಹಿ ಹಾಕಬೇಕಾದ ನನ್ನ ಹೆಂಡತಿಗೆ ಓದಲು ಕನ್ನಡದ ಪ್ರತಿ ಕೇಳಿದಾಗ ಹನ್ನೊಂದು ದಿನ ಕಾಯಿಸಿದರು. ಶುಲ್ಕ 35,000 ರೂಪಾಯಿ ಎಂದು ಬಾಯಿಮಾತಿನಲ್ಲಿ ಹೇಳಿದ್ದರೇ ಹೊರತು, ನೋಂದಣಿಯ ಕೆಲಸಕ್ಕೆ ಪ್ರತ್ಯೇಕ ಶುಲ್ಕವಿದೆಯೆಂದು ಮೊದಲೇ ಬರೆದುಕೊಡಲಿಲ್ಲ.

ಆಲೆಮನೆಯವರ ಬಾಕಿ ತೀರಿ, ರಸೀದಿಗಳು ಕೈಸೇರಿದ ಮೇಲೆ ದಾನಪತ್ರದ ಮಾತು ಮತ್ತೆ ಬಂತು. ಮುಂದಿನ ವ್ಯವಹಾರಕ್ಕೆ ಸಾಕಾಗುವಷ್ಟು ಆಸ್ತಿ ನನ್ನ ಹೆಸರಿನಲ್ಲಿ ಉಳಿಯುತ್ತದೆಯೇ ಎಂದು ವಕೀಲರು ಲೆಕ್ಕ ಹಾಕಿ ನೋಡಿದರು. ಆಮೇಲೆ ನನ್ನ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು, "ಅಮ್ಮಾ, ಇದು ನೋಂದಣಿಯಾದ ಮೇಲೆ ಮನೆ ನಿಜವಾಗಿಯೂ ನಿಮ್ಮದು, ಇವರು ಮನಸ್ಸು ಬದಲಾಯಿತು ಅಂತ ವಾಪಸು ಕೇಳೋ ಹಾಗಿಲ್ಲ," ಎಂದರು. ಆಕೆ ಕನ್ನಡದ ಪ್ರತಿಯನ್ನು ಮೊದಲಿನಿಂದ ಕೊನೆಯವರೆಗೆ ಇನ್ನೊಮ್ಮೆ ಓದಿ, ಒಂದು ಕಡೆ ಚಕ್ಕುಬಂದಿಯಲ್ಲಿ ಪೂರ್ವ, ಪಶ್ಚಿಮ ಅದಲುಬದಲಾಗಿದ್ದನ್ನು ತೋರಿಸಿದಳು. ಅದನ್ನು ತಿದ್ದಿಸಿದ ಮೇಲೆ ಇಬ್ಬರು ಸಾಕ್ಷಿಗಳೊಂದಿಗೆ ಉಪ ನೋಂದಣಿ ಕಚೇರಿಗೆ ಹೋದೆವು.